ಬೆಲೆಗಲ್ಲ, ಆಮೇಲೆಗೆ

ತೋಟ ತಗೊಳ್ಳಲು ಹೊರಟವರು ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುತ್ತಾರೆ. ಕೇಳದಿದ್ದವರಿಗೂ ಕೊಡುತ್ತೇನೆ, ಅದು ಬೇರೆ ವಿಷಯ. ಮೊದಲು ಹೇಳುವುದು ಒಂದೇ. ಸರ್ವೆ ನಕ್ಷೆ ಆಮೇಲೆ ನೋಡಿ, ಕೆರೆ ಆಮೇಲೆ ನೋಡಿ. ಬೆಳಿಗ್ಗೆ ಏಳೂವರೆಗೆ ಯಾರಿಗೂ ಹೇಳದೆ ಹೋಗಿ ಹಾಜರಿ ಕರೆಯುವ ಜಾಗದಲ್ಲಿ ಒಂದು ಮೂಲೆ ಹಿಡಿದು ನಿಲ್ಲಿ. ಹೆಸರು ಕರೆದಾಗ ಜನ ಹೇಗೆ ‘ಓ’ ಅನ್ನುತ್ತಾರೆ ಕೇಳಿ. ಅರ್ಧ ತೋಟ ಅಲ್ಲೇ ಗೊತ್ತಾಗುತ್ತದೆ.

‘ಭಾಯ್ ಅನುಭವಸ್ಥರು’ ಎಂದು ಬಂದವರು ತಲೆದೂಗುತ್ತಾರೆ. ಈ ಮಾತು ನನ್ನದಲ್ಲ. ಹೇಳಿಕೊಟ್ಟವರು ಕಳೆದ ಮಳೆಗಾಲದ ಕೊನೆಗೆ ಕಳಸದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಅವರು ನಂಬಿ ಬರೆದುಕೊಟ್ಟದ್ದನ್ನು ಒಮ್ಮೆ ನಾಲ್ಕು ಜನರ ಮುಂದೆ ಓದಿ ಕೆಡಿಸಿದವನು ನಾನು. ಈಗ ಹೆಸರನ್ನಾದರೂ ಅದರ ಪಾಡಿಗೆ ಬಿಡುತ್ತೇನೆ. ರೈಟರು ಎಂದರೆ ಸಾಕು. ನಮ್ಮ ಕಡೆ ಪ್ರತಿ ಎಸ್ಟೇಟಿಗೂ ಒಬ್ಬ ರೈಟರು ಇರುತ್ತಾರೆ. ಹಾಜರಿ, ಲೆಕ್ಕ, ಗೋದಾಮಿನ ಬೀಗದಕೈ ಎಲ್ಲ ಅವರ ಹತ್ತಿರ.

ನಾನು ಬಣಕಲ್ಲಿನವನು. ಅಬ್ಬ ರಸ್ತೆಬದಿಯಲ್ಲಿ ಪಂಕ್ಚರ್ ಹಾಕುತ್ತಿದ್ದರು. ನಾನು ಹಳೇ ಗೋಣಿಚೀಲ ಮಾರುವುದರಿಂದ ಶುರು ಮಾಡಿ, ಚೀಲದೊಳಗೆ ಏನು ತುಂಬುತ್ತಾರೆ ಎಂದು ನೋಡುತ್ತಾ ನೋಡುತ್ತಾ ಕಾಫಿ ವ್ಯಾಪಾರಕ್ಕೆ ಬಂದವನು. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಸೋತ, ಇದು ನಾನೇ ಕಂಡುಕೊಂಡ ಪಾಠ. ಕಳಸದ ದಾರಿಯಲ್ಲಿ ಒಬ್ಬ ಗೌಡರ ತೋಟಕ್ಕೆ ಪ್ರತಿ ವರ್ಷ ಕಾಫಿ ಎತ್ತಲು ಹೋಗುತ್ತಿದ್ದೆ. ಅಲ್ಲಿ ರೈಟರ ಪರಿಚಯ.

ಸಣಕಲು ಮನುಷ್ಯ. ಅರ್ಧ ತೋಳಿನ ಬಿಳಿ ಅಂಗಿ, ಬೆನ್ನಿನ ಕಡೆ ಕಾಲರಿಗೆ ನೇತುಹಾಕಿದ ಕೊಡೆ. ಬೇಸಿಗೆಯಲ್ಲೂ ಆ ಕೊಡೆ ಅಲ್ಲೇ. ಮೊದಲ ವರ್ಷವೇ ನಾನು ನನ್ನ ಹಳೇ ಆಟ ಹೂಡಿದೆ. ಒಣಗಿದ ಕಾಫಿ ಮುಷ್ಟಿಯಲ್ಲಿ ಎತ್ತಿ ಅಲ್ಲಾಡಿಸಿ, ಮುಖ ಹುಳ್ಳಗೆ ಮಾಡಿ ಹೇಳಿದೆ:

“ತೇವ ಜಾಸ್ತಿ ಇದೆಯಲ್ಲ ರೈಟ್ರೇ.”

“ಕಚ್ಚಿ ನೋಡಿ ಭಾಯ್. ಹಲ್ಲು ಹೋದ್ರೆ ಮಾತ್ರ ನನ್ನ ಕೇಳ್ಬೇಡಿ.”

ಕಚ್ಚಿದೆ. ಹಲ್ಲು ಉಳಿಯಿತು, ಚೌಕಾಸಿ ಹೋಯಿತು. ಕಣದಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. ಮಾರನೇ ವರ್ಷ ನಾನು ಬಂದಾಗ ಒಂದು ಬೀಜ ಆರಿಸಿ ಅಂಗೈಲಿಟ್ಟು ಮುಂದೆ ಹಿಡಿದರು. “ಮೊದ್ಲು ಇದು ಮುಗೀಲಿ, ಆಮೇಲೆ ಮಾತು.”

ಬೆಳಿಗ್ಗೆ ಅವರು ಹಾಜರಿ ಕರೆಯುವುದನ್ನು ನೋಡಬೇಕಿತ್ತು. ಬೇರೆ ತೋಟಗಳಲ್ಲಿ ಹೆಸರು ಕರೆಯುವುದು ರೈಲು ಹೋದ ಹಾಗೆ. ಇವರು ಒಂದೊಂದು ಹೆಸರಿಗೂ ನಿಲ್ಲುತ್ತಿದ್ದರು.

“ಸೂರಪ್ಪ.”

“ಓ.”

“ಮೊಣಕಾಲು?”

“ಅದೂ ಬಂದಿದೆ ಸ್ವಾಮಿ, ಅದಕ್ಕೂ ಒಂದು ಹಾಜರಿ ಹಾಕಿ.”

“ಲಲಿತಮ್ಮ. ಮಗಳ ಬಾಣಂತನ ಮುಗೀತಾ?”

“ಮುಗೀತು. ಇನ್ನು ನನ್ನ ಬಾಣಂತನ ಯಾರಾದ್ರೂ ಮಾಡ್ಬೇಕು.”

ಇದರಲ್ಲಿ ಕಾಲು ಗಂಟೆ ಹೋಗುತ್ತಿತ್ತು. “ಇಷ್ಟು ಜನರ ಕಾಲು ಗಂಟೆ ಅಂದ್ರೆ ದುಡ್ಡು ಎಷ್ಟು ಗೊತ್ತಾ ರೈಟ್ರೇ?” ಎಂದು ನಾನು ಒಮ್ಮೆ ಅಂದೆ. “ಗೊತ್ತು ಭಾಯ್. ಯಾರ ಕೈಗೆ ಇವತ್ತು ಕತ್ತಿ ಕೊಡ್ಬಾರ್ದು ಅಂತ ಗೊತ್ತಾಗದೆ ಇದ್ರೆ ಎಷ್ಟು ಹೋಗುತ್ತೆ, ಅದೂ ಗೊತ್ತು,” ಎಂದರು.

ಅವರು ಒಂಟಿ. ಹೆಂಡತಿ ಮಕ್ಕಳ ಮಾತು ಎಂದೂ ಬಂದಿಲ್ಲ, ನಾನೂ ಕೆದಕಲಿಲ್ಲ. ಆಫೀಸಿನ ಹಿಂದಿನ ಕೋಣೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಯಾವಾಗ ಹೋದರೂ ಪಾತ್ರೆಯಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಅನ್ನ ಮಿಕ್ಕಿರುತ್ತಿತ್ತು. “ಎಷ್ಟು ವರ್ಷ ಆದ್ರೂ ಒಬ್ಬನಿಗೆ ಅಂತ ಅನ್ನ ಇಡೋ ಅಳತೆ ಸಿಕ್ಕಿಲ್ಲ. ಏಳಿ, ಊಟ ಮಾಡಿ,” ಎನ್ನುತ್ತಿದ್ದರು. ಸಾರು ಚೆನ್ನಾಗಿರಲಿಲ್ಲ. ಆದರೂ ನಾನು ಮಧ್ಯಾಹ್ನದ ಹೊತ್ತಿಗೇ ಹೋಗುತ್ತಿದ್ದೆ.

ಈ ತೋಟಕ್ಕೆ ಬರುವ ಮೊದಲು ಅವರು ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಟೈಮ್‌ಕೀಪರ್ ಆಗಿದ್ದರು. ಗಣಿ ನಿಂತಾಗ ಕಂಟ್ರಾಕ್ಟರ್ ಇವರಿಂದ ಸಾಮಾನಿನ ಪಟ್ಟಿ ಮಾಡಿಸಿದ. ಸ್ಪ್ಯಾನರು, ಪಂಪು, ಕೇಬಲ್ಲು, ಮುರಿದ ಕುರ್ಚಿ ಕೂಡ. “ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದ ಭಾಯ್. ಪಂಪಿಗೆ ಕಿವಿ ಇಟ್ಟು ಯಾವ ಬೇರಿಂಗ್ ಹೋಗ್ತಾ ಇದೆ ಅಂತ ಹೇಳೋನು. ಪಟ್ಟಿ ಮಾಡ್ತಾ ಇದ್ದೆ, ಕಿಟಕಿ ಆಚೆ ಅವ್ನು ಟ್ರಂಕು ಹೊತ್ಕೊಂಡು ಬಸ್ಸಿಗೆ ಹೋಗ್ತಾ ಇದ್ದ. ಪಂಪು ಬರ್ದೆ. ಅವ್ನನ್ನ ಎಲ್ಲಿ ಬರೀಲಿ? ಕಾಲಂ ಇರ್ಲಿಲ್ಲ.”

ಎಲ್ಲರೂ ಹೋದ ಮೇಲೂ ಹೋಗುವ ಊರು ಇಲ್ಲದೆ ಅವರು ಕೆಲವು ತಿಂಗಳು ಅಲ್ಲೇ ಉಳಿದರಂತೆ. “ಇಡೀ ಬೀದಿಗೆ ನನ್ನ ಮನೇದೊಂದೇ ದೀಪ. ಸಂಜೆ ಸ್ವಿಚ್ ಹಾಕೋಕೆ ನಾಚಿಕೆ ಆಗೋದು,” ಎಂದಿದ್ದರು. ಒಂಟಿ ದೀಪಕ್ಕೆ ಹೆದರಿಕೆಯಾಯಿತು ಎನ್ನುವವರನ್ನು ನೋಡಿದ್ದೇನೆ. ನಾಚಿಕೆ ಎಂದವರು ಇವರೊಬ್ಬರೇ.

ನನಗೆ ನಾಲ್ಕು ಕಾಸು ಕೂಡಿದಾಗ ಸ್ವಂತ ತೋಟದ ಆಸೆ ಹತ್ತಿತು. ಚಿಕ್ಕಮಗಳೂರಿನ ಹತ್ತಿರ ಒಂದು ಜಾಗ ಗೊತ್ತಾಯಿತು. ಟಾರು ರಸ್ತೆ, ಹಣ್ಣಿನ ಸಿಪ್ಪೆ ಸುಲಿಯುವ ಹೊಸ ಪಲ್ಪರ್, ಸಿಮೆಂಟು ಕಣ, ಗಿಡಗಳು ಬಾಚಿ ಜಡೆ ಹಾಕಿದ ಹಾಗೆ. ಒಂದು ಭಾನುವಾರ ನೋಡಿ ಬಂದು ಮರುಳಾದೆ. ರೈಟರನ್ನು ಕರೆದೆ. ಅವರು ರಜೆ ಹಾಕಿ ಬಂದರು, ಆದರೆ ಭಾನುವಾರ ಬೇಡ ಎಂದರು. ಏಳೂವರೆಗೆ ಗೇಟಿನ ಹತ್ತಿರ ಇಬ್ಬರೂ ನಿಂತೆವು. ಎರಡು ಪಿಕಪ್ಪಿನಲ್ಲಿ ಜನ ಬಂದಿಳಿದರು. ಮೇಸ್ತ್ರಿ ಬೆರಳು ತೋರಿಸಿ ತಲೆ ಎಣಿಸಿದ. ಹೆಸರು ಕರೆಯಲಿಲ್ಲ. ರೈಟರು ಒಬ್ಬ ಹೆಂಗಸಿನ ಹತ್ತಿರ ಹೋಗಿ, “ಅಮ್ಮಾ, ಹೋದ ವರ್ಷ ಈ ಪಟ್ಟೇಲಿ ಮರಗಸಿ ಮಾಡಿದ್ಯಾರು?” ಎಂದು ಕೇಳಿದರು. ಮರಗಸಿ ಎಂದರೆ ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವುದು. ಕಾಫಿಗೆ ಎಷ್ಟು ಬಿಸಿಲು ಬೀಳಬೇಕು ಎಂದು ತೀರ್ಮಾನ ಆಗುವುದೇ ಅಲ್ಲಿ.

“ಗೊತ್ತಿಲ್ಲಣ್ಣ. ನಾವು ಮೊನ್ನೆ ಬಂದಿದ್ದು. ನಾಳೆ ಎಲ್ಲಿಗೋ.”

ವಾಪಸು ಬರುವಾಗ ಜೀಪಿನಲ್ಲಿ ರೈಟರು ಒಂದೇ ಮಾತು ಹೇಳಿದರು: “ಅದು ತೋಟ ಅಲ್ಲ ಭಾಯ್, ಗಿಡ ಇರೋ ಜಾಗ.”

ಅವರ ಮಾತು ಕೇಳಿ ಕೈಬಿಟ್ಟೆ. ಅದನ್ನು ಕೊಂಡವರು ಮೂರೇ ವರ್ಷಕ್ಕೆ ಮತ್ತೆ ಮಾರಾಟಕ್ಕಿಟ್ಟರು. ಆ ಸುದ್ದಿ ಬಂದ ದಿನ ನಾನು ಕೇಜಿಗಟ್ಟಲೆ ಸ್ವೀಟು ತಗೊಂಡು ಹೋದೆ. ರೈಟರು, “ಯಾರದೋ ನಷ್ಟಕ್ಕೆ ಸ್ವೀಟು ತಿನ್ನೋದಾ ಮಾರಾಯ್ರೇ?” ಎಂದು ಅದನ್ನು ಲೈನಿನ, ಎಂದರೆ ಆಳುಗಳ ಸಾಲುಮನೆಯ, ಮಕ್ಕಳಿಗೆ ಹಂಚಿಬಿಟ್ಟರು.

ಆಮೇಲೆ ಅವರ ಗೌಡರೇ ತೋಟ ಕೊಡುವ ಮನಸ್ಸು ಮಾಡಿದರು. ವಯಸ್ಸಾಗಿತ್ತು, ಮಂಗಳೂರಲ್ಲಿ ಮಗಳ ಮನೆ ಹತ್ತಿರ ಇರುವ ಆಸೆ. ನನಗೆ ಹೇಳಿ ಕಳಿಸಿದರು. ಗೋಣಿಚೀಲದಿಂದ ಹಿಡಿದು ಅಂದಿನವರೆಗೆ ದುಡಿದದ್ದೆಲ್ಲ ಒಂದೇ ಕಡೆ ಹಾಕಬೇಕಿತ್ತು.

ವ್ಯಾಪಾರ ಮಾತಾಡಲು ಹೋದ ದಿನ ಬೆಳಿಗ್ಗೆ ರೈಟರು ಆಫೀಸಿನಲ್ಲಿ ನನ್ನ ಕೈಗೆ ಮಡಿಸಿದ ಹಾಳೆಗಳನ್ನು ಕೊಟ್ಟರು. ಮೂವತ್ತೊಂದು ಹೆಸರು. ಪ್ರತಿ ಹೆಸರಿನ ಮುಂದೆ ಎರಡು ಕಾಲಂ: ‘ಕೈಲಾಗೋದು’, ‘ಕೈಲಾಗದ್ದು’. ಕುದುರೆಮುಖದಲ್ಲಿ ಇರದಿದ್ದ ಕಾಲಂ ಅದು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

“ಮನೆಗೆ ಹೋಗಿ ಕೂತ್ಕೊಂಡು ಓದಿ,” ಎಂದರು. “ತೋಟ ನಿಮ್ದಾದ್ರೆ ಇವ್ರನ್ನ ಹೇಗೆ ಇಟ್ಕೊಳ್ಬೇಕು ಅಂತ ಗೊತ್ತಾಗ್ಲಿ ಅಂತ. ಇದು ಬೆಲೆಗಲ್ಲ ಭಾಯ್, ಆಮೇಲೆಗೆ.”

ನಾನು ಮನೆಗೆ ಹೋಗುವವರೆಗೆ ಕಾಯಲಿಲ್ಲ. ಗೌಡರು ಸ್ನಾನಕ್ಕೆ ಹೋಗಿದ್ದಾಗ ಜಗಲಿಯಲ್ಲೇ ಓದಿದೆ. ಸೂರಪ್ಪನ ಹೆಸರಿನ ಮುಂದೆ ಹೀಗಿತ್ತು. ಕೈಲಾಗೋದು: ಕೆಳಗೆ ನಿಂತು ಯಾವ ಕೊಂಬೆ, ಯಾವ ಕಡೆ ಬೀಳಬೇಕು ಎಂದು ಕೋಲಿನಲ್ಲಿ ತೋರಿಸುತ್ತಾರೆ; ಮೂರು ಜನ ಹತ್ತಿ ಕಡಿಯುತ್ತಾರೆ; ಇವರಿಲ್ಲದೆ ಆ ಮೂವರಿಗೆ ಮರ ಗೊತ್ತಿಲ್ಲ. ಕೈಲಾಗದ್ದು: ಕಣ್ಣು ಮಂಜು, ಬೆಳಕು ನೆರಳು ಮಾತ್ರ ಕಾಣುತ್ತದೆ, ಮರ ಹತ್ತಿಸಬಾರದು, ಲೈನಿನಲ್ಲಿ ಯಾರಿಗೂ ಗೊತ್ತಿಲ್ಲ. ಲಲಿತಮ್ಮನದು: ಕಾಂಡದ ಮೇಲೆ ಹೆಬ್ಬೆರಳಾಡಿಸಿ ಬೋರರ್ ಹುಳ ಹೊಕ್ಕ ಗಿಡ ಹೇಳುತ್ತಾರೆ. ಎದುರಿಗೆ: ಸೊಂಟ ಹೋಗಿದೆ, ಹೊರೆ ಹೊರಿಸಬಾರದು. ಪಲ್ಪರ್ ನೋಡಿಕೊಳ್ಳುವವನದು: ಮಿಷನ್ ಬಿಚ್ಚಿ ಜೋಡಿಸಬಲ್ಲ, ಭಾನುವಾರ ಕುಡಿತ, ಸೋಮವಾರ ಮಧ್ಯಾಹ್ನದವರೆಗೆ ಮಿಷನ್ ಕೊಡಬಾರದು. ಹೀಗೆ ಮೂವತ್ತೊಂದು ಜನ.

ನಾನು ವ್ಯಾಪಾರಿ. ಬಲಗಡೆಯ ಕಾಲಂ ಕಂಡ ಕೂಡಲೇ ನನಗೆ ಕಂಡದ್ದು ಬೆಲೆ ಇಳಿಸುವ ಮೆಟ್ಟಿಲು.

ಗೌಡರು ಫಸಲು ತೋರಿಸಲು ಸಂಜೆ ಕಣಕ್ಕೇ ಕರೆದುಕೊಂಡು ಹೋದರು. ಕೊಯ್ಲಿನ ಕಾಲ. ಸಂಜೆ ಎಲ್ಲರೂ ಕೊಯ್ದ ಹಣ್ಣು ಹೊತ್ತು ತಂದು ತೂಕಕ್ಕೆ ಸಾಲು ನಿಲ್ಲುವ ಹೊತ್ತು. ರೈಟರು ತಕ್ಕಡಿ ಪಕ್ಕ ಪುಸ್ತಕ ಹಿಡಿದು ಕೂತಿದ್ದರು. ಗೌಡರು ಬೆಲೆ ಹೇಳಿದರು. ನಾನು ಸುಮ್ಮನೆ ನಿಂತೆ. ಅವರು ಒಂದು ಸ್ವಲ್ಪ ಇಳಿದರು. ಆಗ ಹಾಳೆ ತೆಗೆದೆ.

“ಗೌಡ್ರೇ, ನಿಮ್ಮ ಗಿಡಕ್ಕೆ ಆ ಬೆಲೆ ಇದೆ, ಒಪ್ಪಿದೆ. ನೋಡ್ಕೊಳ್ಳೋ ಕೈಗಳು ಎಲ್ಲಿವೆ? ಕೇಳಿ. ನಿಮ್ಮ ಮರಗಸಿ ಸೂರಪ್ಪಂಗೆ ಕಣ್ಣೇ ಕಾಣಲ್ಲ. ಈ ಲಲಿತಮ್ಮನ ಸೊಂಟ ಹೋಗಿದೆ. ಪಲ್ಪರ್‌ನೋನು ಸೋಮವಾರ ನೆಟ್ಟಗೆ ನಿಲ್ಲಲ್ಲ...”

ಹೀಗೆ ಏಳೆಂಟು ಹೆಸರು ಓದಿದೆ. ಬಲಗಡೆಯದು ಮಾತ್ರ. ಎಡಗಡೆಗೆ ಕಣ್ಣೇ ಹಾಯಿಸಲಿಲ್ಲ. ಓದುತ್ತಾ ಓದುತ್ತಾ ಕಣ ಮೌನವಾದದ್ದು ಕಿವಿಗೆ ಬಿತ್ತು. ಮಾತು ಚೆನ್ನಾಗಿ ತಾಗುತ್ತಿದೆ ಎಂದೇ ತಿಳಿದೆ.

“ಯಾರು ಬರ್ದಿದ್ದು ಇದು?” ಎಂದರು ಗೌಡರು.

ನನ್ನ ಕಣ್ಣು ತಕ್ಕಡಿಯ ಕಡೆ ಹೋಯಿತು. ಅಷ್ಟು ಸಾಕಾಯಿತು.

ಸೂರಪ್ಪ ಸಾಲಿನಲ್ಲಿ ಮೂರನೆಯವನು. ಹೆಂಡತಿ ಕೊಯ್ದ ಚೀಲ ಹೊತ್ತು ತಂದಿದ್ದ. ಚೀಲ ಇಳಿಸಿದ. ಸೊಂಟದ ಕತ್ತಿ ಬಿಚ್ಚಿ ಕಣದ ಕಟ್ಟೆಯ ಮೇಲಿಟ್ಟ. “ರೈಟ್ರೇ, ನಿಮ್ಗೊಬ್ರಿಗೇ ಹೇಳಿದ್ದೆ,” ಎಂದ. ಜೋರಾಗಿ ಹೇಳಲಿಲ್ಲ, ಹೊಸದಾಗಿ ಗೊತ್ತಾದ ವಿಷಯ ಹೇಳುವ ಹಾಗೆ ಹೇಳಿದ.

ರೈಟರ ಪೆನ್ನು ನಿಂತಿತು. ಆಮೇಲೆ ತಕ್ಕಡಿ ನೋಡಿ, “ಮೂವತ್ತೆಂಟು,” ಎಂದು ಬರೆದುಕೊಂಡರು. ಮುಂದಿನವರದು ಬರೆದರು. ಅದರ ಮುಂದಿನವರದು. ಕೊನೆಯ ಚೀಲದವರೆಗೆ ಒಂದೂ ಬಿಡದೆ ಬರೆದು ಪುಸ್ತಕ ಮುಚ್ಚಿ ಎದ್ದು ಹೋದರು. ಕೊಡೆ ಕಾಲರಿನಲ್ಲಿ ಆಡುತ್ತಿತ್ತು.

ಗೌಡರು ನಾನು ಕೇಳಿದ ಬೆಲೆಗೆ ಬಂದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಚೌಕಾಸಿ ನಾನು ಗೆದ್ದಿಲ್ಲ.

ತೋಟ ವಹಿಸಿಕೊಡುವ ದಿನ ರೈಟರು ನನಗೆ ಸಾಮಾನಿನ ಪಟ್ಟಿ ಕೊಟ್ಟರು. ಸ್ಪ್ರೇಯರಿನ ನಾಝಲ್ ಕೂಡ ಲೆಕ್ಕಕ್ಕಿತ್ತು. ಕೊನೆಯ ಪುಟದಲ್ಲಿ ದುಂಡಗೆ ‘ಜನ’ ಎಂದು ಬರೆದು ಅಡಿಗೆರೆ ಎಳೆದಿದ್ದರು. ಕೆಳಗೆ ಏನೂ ಇರಲಿಲ್ಲ.

“ನೀವು ಇರ್ತೀರಲ್ಲ ರೈಟ್ರೇ? ಸಂಬಳ ಜಾಸ್ತಿ ಮಾಡ್ತೀನಿ. ಅವತ್ತಿಂದು ಮನಸ್ಸಲ್ಲಿಟ್ಕೋಬೇಡಿ, ವ್ಯಾಪಾರ ಅಂದ್ರೆ ಗೊತ್ತಲ್ಲ.”

“ಬೀಗದಕೈ ಹದಿನಾಲ್ಕಿವೆ. ಎಣಿಸ್ಕೊಳ್ಳಿ,” ಎಂದರು.

ಎಣಿಸಿಕೊಂಡೆ. ಅವರು ಮಧ್ಯಾಹ್ನದ ಬಸ್ಸಿಗೆ ಕಳಸಕ್ಕೆ ಹೋದರು.

ಸೂರಪ್ಪ ಆಗಲೇ ದೇವರಮನೆ ಕಡೆಯ ಒಂದು ತೋಟಕ್ಕೆ ಹೊರಟುಹೋಗಿದ್ದ. ಮರ ಹತ್ತುವ ಮೂವರೂ ಅವನ ಹಿಂದೆ. ಮೇ ತಿಂಗಳಲ್ಲಿ ನಾನು ಹೊರಗಿನಿಂದ ಜನ ಕರೆಸಿ ಮರಗಸಿ ಮಾಡಿಸಿದೆ. ಕೈಗೆ ಸಿಕ್ಕಿದ್ದು ಕಡಿದರು. ತಗ್ಗಿನಲ್ಲಿ ಕತ್ತಲೆ ಹಾಗೇ ಉಳಿಯಿತು, ದಿಬ್ಬದ ಮೇಲೆ ಆಕಾಶ ಬಟಾಬಯಲಾಯಿತು. ಮಳೆಯಲ್ಲಿ ತಗ್ಗಿಗೆ ಕೊಳೆರೋಗ ಬಂತು. ಮರುವರ್ಷ ದಿಬ್ಬದ ಬಿಸಿಲಿಗೆ ಬೋರರ್ ಬಂತು, ಅದನ್ನು ಹೆಬ್ಬೆರಳಲ್ಲಿ ಹಿಡಿಯುವ ಲಲಿತಮ್ಮ ಅಷ್ಟರಲ್ಲಿ ಮಗಳ ಊರು ಸೇರಿದ್ದರು. ಚೌಕಾಸಿಯಲ್ಲಿ ಉಳಿಸಿದ್ದು ಎರಡು ಮಳೆಗೆ ಕೊಚ್ಚಿಹೋಯಿತು. ಅದಕ್ಕೇ ಹೇಳುತ್ತೇನೆ: ಯಾರಾದರೂ ತಮ್ಮ ಜನರ ಬಗ್ಗೆ ನಿಜ ಬರೆದುಕೊಟ್ಟರೆ ಅದು ಬೆಲೆ ಇಳಿಸುವ ಕಾಗದ ಅಲ್ಲ. ಅದನ್ನು ಓದಿ ತೋಟಕ್ಕೆ ನಿಮ್ಮ ದುಡ್ಡು ಹಾಕಬೇಕೋ ಬೇಡವೋ ನೋಡಿ. ಹಾಕಿದರೆ ಆ ಕಾಗದವನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಳ್ಳಿ.

ತೋಟ ಬಿಡಲಿಲ್ಲ ನಾನು. ಒಬ್ಬೊಬ್ಬರನ್ನೇ ಹುಡುಕಿ, ಇರಿಸಿಕೊಂಡು, ಹೆಸರು ಕಲಿತೆ. ಎಂಟು ವರ್ಷ ಹಿಡಿಯಿತು. ಆಮೇಲೆ ಒಂದು ದಿನ ನಾನೇ ಎರಡು ಕಾಲಮ್ಮಿನ ಪಟ್ಟಿ ಮಾಡಿ, ಮಗಳ ಕೈಲಿ ಟೈಪ್ ಮಾಡಿಸಿ, ಕಳಸಕ್ಕೆ ತಗೊಂಡು ಹೋದೆ. ರೈಟರು ಒಂದು ದಿನಸಿ ಅಂಗಡಿಯ ಮಾಳಿಗೆಯಲ್ಲಿ ಇದ್ದರು, ಕೆಳಗಿನವರ ಲೆಕ್ಕ ಬರೆದುಕೊಂಡು. ಕೊಡೆ ಮೊಳೆಗೆ ನೇತಾಡುತ್ತಿತ್ತು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿದರು.

“ಎಲ್ಲರಿಗೂ ಎಲ್ಲ ಬರುತ್ತೆ ಅಂತ ಬರ್ದಿದೀರಿ. ಬಲಗಡೆ ಖಾಲಿ.”

“ಹೌದು ರೈಟ್ರೇ. ಯಾರ ಬಗ್ಗೆಯೂ ಕೆಟ್ಟದ್ದು ಬರೀಬಾರ್ದು ಅಂತ.”

“ಈ ಪಟ್ಟಿ ನಂಬ್ಕೊಂಡು ನಾಳೆ ಯಾರಾದ್ರೂ ಕಣ್ಣು ಕಾಣದವನನ್ನ ಮರ ಹತ್ತಿಸ್ತಾರೆ.” ಹಾಳೆ ಮಡಿಸಿ ನನ್ನ ಕಡೆ ತಳ್ಳಿದರು. “ಅವತ್ತು ಅರ್ಧ ಓದಿದ್ರಿ ಭಾಯ್. ಇವತ್ತು ಅರ್ಧ ಬರ್ದಿದೀರಿ.”

ನಾನು ಹಾಳೆಯನ್ನು ಮತ್ತೆ ಅವರ ಕಡೆಗೆ ತಳ್ಳಿ, “ನೀವೇ ತುಂಬಿ ಕೊಡಿ. ಕೊನೇಲಿ ನನ್ನ ಹೆಸರೂ ಬರೀರಿ, ನನ್ನ ಬಲಗಡೆ ಏನಿದೆ ಅಂತ ನಿಮ್ಗೇ ಗೊತ್ತು,” ಎಂದೆ.

“ಮಾಲೀಕರ ಹೆಸರು ಹಾಜರಿಗೆ ಬರಲ್ಲ.”

ಮೂಲೆಯ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮುಚ್ಚಳ ಏಳುವುದು ನೋಡಿದರೇ ಗೊತ್ತಾಗುತ್ತಿತ್ತು, ಇಬ್ಬರಿಗೆ ಆಗುವಷ್ಟಿದೆ. ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಅವರು ಎದ್ದು ಬೆಂಕಿ ಸಣ್ಣ ಮಾಡಿದರು. “ಮೋಡ ಆಗ್ತಾ ಇದೆ. ದಾರಿ ಕೆಟ್ಟದ್ದು, ಬೇಗ ಹೊರಡಿ,” ಎಂದರು. ಊಟಕ್ಕೆ ಏಳಿ ಅನ್ನಲಿಲ್ಲ.

ಅದೇ ಕೊನೆ. ತೀರಿಕೊಂಡ ಸುದ್ದಿಯನ್ನು ಅಂಗಡಿಯವರು ಫೋನಿನಲ್ಲಿ ಹೇಳಿದರು. ಹೋಗುವ ದಾರಿಯಲ್ಲಿ ಸೂರಪ್ಪನ ನೆನಪಾಗಿ, ದೇವರಮನೆ ಕಡೆಗೆ ಜೀಪು ತಿರುಗಿಸಿ, ಅವನನ್ನೂ ಹತ್ತಿಸಿಕೊಂಡೆ. ಈಗ ಪೂರ್ತಿ ಕೋಲಿನ ಮೇಲೆ. ನನ್ನ ದನಿ ಗುರುತು ಹಿಡಿದ, ಮುಖ ತಿರುಗಿಸಲಿಲ್ಲ, ಅಷ್ಟೇ ಸಮಾಧಾನ. ಭದ್ರೆಯ ದಡದಲ್ಲಿ ಬೆಂಕಿ ಕೊಡುವಾಗ ನಾವು ಏಳು ಜನ ಇದ್ದೆವು. ಅದರಲ್ಲಿ ಐದು ಜನ ಆ ಮೂವತ್ತೊಂದರ ಪಟ್ಟಿಯವರು.

“ಇವರಿಗೆಲ್ಲ ಯಾರು ಹೇಳಿದ್ದು?” ವಾಪಸು ಬರುವಾಗ ಸೂರಪ್ಪನನ್ನು ಕೇಳಿದೆ.

“ಸುದ್ದಿ ಬಾಯಿಂದ ಬಾಯಿಗೆ ಬರುತ್ತೆ, ಯಾರೂ ಹೋಗಿ ಹೇಳ್ಬೇಕಿಲ್ಲ. ರೈಟ್ರು ಭಾನುವಾರ ಭಾನುವಾರ ಬಸ್ ಹತ್ತಿ ಒಬ್ಬೊಬ್ರ ಮನೆಗೆ ಬರೋರು. ನನ್ನ ಹತ್ರ ಮೊದ್ಲು ಬಂದಾಗ ಜಗಲೀಲಿ ಕೂತು, ‘ಸೂರಪ್ಪ, ಬರೆದದ್ದು ನಾನು, ತಪ್ಪಾಯ್ತು’ ಅಂದ್ರು. ನಾನಂದೆ, ನೀವು ಬರೆದದ್ದು ನಿಜಾನೇ ಅಲ್ವಾ ಸ್ವಾಮಿ. ಕೆಳಗೆ ನಿಂತು ತೋರ್ಸು, ಹತ್ತಬೇಡ ಅಂತ ತಾನೇ ಬರ್ದಿದ್ದು. ಅದಕ್ಕೇ ನಾನಿನ್ನೂ ಬದುಕಿದೀನಿ.”

ಜೀಪು ಮೂರು ತಿರುವು ದಾಟಿತು. ಕೇಳಬಾರದು ಎಂದುಕೊಂಡೇ ಕೇಳಿದೆ.

“ನನ್ನ ಬಗ್ಗೆ ಏನಂತಿದ್ರು?”

ಸೂರಪ್ಪ ನಿಜವಾಗಿಯೂ ಯೋಚಿಸಿದ. “ನಿಮ್ಮ ಹೆಸರು ಒಂದು ಸಲಾನೂ ಎತ್ತಲಿಲ್ಲ ಭಾಯ್.”

ಬೈದಿದ್ದರೆ ಆಗುತ್ತಿತ್ತು. ಶಾಪ ಹಾಕಿದ್ದರೂ ಆಗುತ್ತಿತ್ತು. ಮಾತು ಅಂತ ಒಂದಿದ್ದರೆ ನಾನು ಅದನ್ನು ಹಿಡಿದು ಎಳೆದಾಡಿ ಒಂದಷ್ಟು ಇಳಿಸುತ್ತಿದ್ದೆ.

ನನ್ನ ತೋಟದ ಮುಂದೆ ಹಾಯುವಾಗ ಸೂರಪ್ಪ ಮುಖ ಮೇಲೆತ್ತಿ, “ಇಲ್ಲಿ ಕತ್ಲೆ ಜಾಸ್ತಿ ಆಗಿದೆ,” ಎಂದ. “ಬಂದು ತೋರಿಸ್ತೀಯಾ?” ಎಂದೆ. ಅವನು ಕೋಲನ್ನು ಹತ್ತಿರಕ್ಕೆ ಎಳೆದುಕೊಂಡ. ಅವನ ಮನೆಗೆ ಬಿಟ್ಟು ಬಂದೆ.

ಮಾರನೇ ಬೆಳಿಗ್ಗೆ ಏಳೂವರೆಗೆ ಹಾಜರಿಯ ಜಾಗಕ್ಕೆ ಹೋಗಿ ಮೂಲೆಯಲ್ಲಿ ನಿಂತೆ. ಈಗಿನ ರೈಟರು ಒಂದೊಂದೇ ಹೆಸರು ಕರೆದರು. ಓ, ಓ ಎಂದು ಜನ ಒಬ್ಬೊಬ್ಬರಾಗಿ ಕತ್ತಿ, ಬುಟ್ಟಿ ತಗೊಂಡು ತೋಟದೊಳಗೆ ಹೋದರು. ಕೊನೆಯ ಹೆಸರಾದ ಮೇಲೆ ಅವರು ಪುಸ್ತಕ ಮುಚ್ಚಿದರು. ನಾನು ಇನ್ನೂ ನಿಂತಿದ್ದೆ.